ಉಕ್ಕಿನ ಹಗ್ಗ ಹಿಡಿದು ಕಂದರದೊಳಗೆ: ಆಲ್ಪ್ಸ್‌ನ ‘ಕಬ್ಬಿಣದ ಹಾದಿ’ ಎಷ್ಟು ಭದ್ರ?

ಸ್ವಿಟ್ಜರ್ಲೆಂಡ್ ಪ್ರವಾಸವೆಂದರೆ ನಮ್ಮವರ ಪಾಲಿಗೆ ಬಹುಕಾಲ ಹಿಮಶಿಖರದವರೆಗೆ ರೈಲಿನಲ್ಲಿ ಹೋಗಿ, ಛಾಯಾಚಿತ್ರ ತೆಗೆಸಿಕೊಂಡು, ಸಂಜೆಯೊಳಗೆ ಹೋಟೆಲಿಗೆ ಮರಳುವುದು ಎಂದೇ ಆಗಿತ್ತು. ಆದರೆ ಕುಮಾರಪರ್ವತ, ತಡಿಯಂಡಮೋಳ್‌ಗಳನ್ನು ಹತ್ತಿ ಚಾರಣದ ರುಚಿ ಕಂಡವರು ಆಲ್ಪ್ಸ್ ಪರ್ವತಗಳಲ್ಲಿ ಏನಿದೆ ಎಂದು ವಿಚಾರಿಸಹೊರಟರೆ ಬೇಗನೆ ಎದುರಾಗುವ ಹೆಸರು ‘ವಿಯಾ ಫೆರಾಟಾ’. ಇಟಲಿಯ ಭಾಷೆಯ ಈ ಪದಕ್ಕೆ ಕಬ್ಬಿಣದ ಹಾದಿ ಎಂದರ್ಥ. ಜರ್ಮನ್ ಭಾಷಿಕರು ಇದನ್ನೇ ‘ಕ್ಲೆಟ್ಟರ್‌ಸ್ಟೈಗ್’ ಎನ್ನುತ್ತಾರೆ. ಬಂಡೆ ಹತ್ತುವ ತರಬೇತಿ ಇಲ್ಲದವರೂ ಕಡಿದಾದ ಗೋಡೆಯ ಮೇಲೆ, ಭೋರ್ಗರೆಯುವ ನದಿಯ ನೆತ್ತಿಯ ಮೇಲೆ ಸಾಗಬಹುದು ಎಂಬುದು ಇದರ ಆಕರ್ಷಣೆ. ಕಬ್ಬಿಣವಿದೆ, ಹಗ್ಗವಿದೆ, ಕೊಂಡಿಯಿದೆ, ಇನ್ನೇನು ಭಯ ಎಂಬ ಭಾವನೆ ಸಹಜ. ಆದರೆ ಆ ಕಬ್ಬಿಣವು ಯಾವುದರಿಂದ ಕಾಪಾಡುತ್ತದೆ, ಯಾವುದರಿಂದ ಕಾಪಾಡುವುದಿಲ್ಲ ಎಂಬುದನ್ನು ಅರಿಯದೆ ಹೊರಟವರು ಪ್ರಾಣ ಕಳೆದುಕೊಂಡದ್ದೂ ಉಂಟು.

ತುಮಕೂರು ರಸ್ತೆಯ ಶಿವಗಂಗೆಯನ್ನು ಹತ್ತಿದವರಿಗೆ ಇದರ ಮೂಲಕಲ್ಪನೆ ಅಪರಿಚಿತವೇನಲ್ಲ. ತುದಿ ಸಮೀಪಿಸಿದಂತೆ ಬಂಡೆಯಲ್ಲಿ ಕೊರೆದ ಕಿರಿದಾದ ಮೆಟ್ಟಿಲು, ಪಕ್ಕದಲ್ಲಿ ಹಿಡಿಯಲು ಕಬ್ಬಿಣದ ಸರಳು. ವ್ಯತ್ಯಾಸವೆಂದರೆ ಶಿವಗಂಗೆಯಲ್ಲಿ ಕೈ ಮಾತ್ರ ಕಬ್ಬಿಣವನ್ನು ಹಿಡಿದಿರುತ್ತದೆ. ಆಲ್ಪ್ಸ್‌ನಲ್ಲಿ ಇಡೀ ದೇಹವನ್ನು ಅದಕ್ಕೆ ಕಟ್ಟಿಕೊಳ್ಳಲಾಗುತ್ತದೆ.

ನೇತಾಡುವ ಕಣಿವೆಯ ಊರು

ಉದಾಹರಣೆಗೆ ಸ್ವಿಟ್ಜರ್ಲೆಂಡ್‌ನ ದಕ್ಷಿಣಕ್ಕಿರುವ ವಾಲೇ ಪ್ರಾಂತ್ಯದ ಸಾಸ್ ಕಣಿವೆಯನ್ನು ತೆಗೆದುಕೊಳ್ಳೋಣ. ಇಲ್ಲಿ ಎರಡು ಊರುಗಳಿವೆ. ಕಣಿವೆಯ ತಳದಲ್ಲಿ, ಸುಮಾರು 1,560 ಮೀಟರ್ ಎತ್ತರದಲ್ಲಿ ಸಾಸ್-ಗ್ರುಂಡ್. ಅದರ ಪಶ್ಚಿಮಕ್ಕೆ, ಒಂದು ಜಗಲಿಯ ಮೇಲೆ ಕುಳಿತಂತೆ, 1,800 ಮೀಟರ್ ಎತ್ತರದಲ್ಲಿ ಸಾಸ್-ಫೇ. ಹಿಮಯುಗದಲ್ಲಿ ಮುಖ್ಯ ಕಣಿವೆಯ ದೊಡ್ಡ ಹಿಮನದಿ ನೆಲವನ್ನು ಆಳವಾಗಿ ಕೊರೆಯಿತು. ಪಕ್ಕದ ಕಣಿವೆಯ ಚಿಕ್ಕ ಹಿಮನದಿಗೆ ಅಷ್ಟು ಬಲವಿರಲಿಲ್ಲ. ಮಂಜು ಹಿಂದೆ ಸರಿದಾಗ ಪಕ್ಕದ ಕಣಿವೆ ಮೇಲೆಯೇ ಉಳಿಯಿತು. ಭೂವಿಜ್ಞಾನಿಗಳು ಇಂಥವನ್ನು ನೇತಾಡುವ ಕಣಿವೆ ಎನ್ನುತ್ತಾರೆ. ಫೇ ಹಿಮನದಿಯಿಂದ ಹೊರಡುವ ಫೇವಿಸ್ಪಾ ಹೊಳೆ ಈ ಇನ್ನೂರೈವತ್ತು ಮೀಟರುಗಳಷ್ಟು ಅಂತರವನ್ನು ಇಳಿದೇ ಕೆಳಗಿನ ನದಿಯನ್ನು ಸೇರಬೇಕು. ಸಾವಿರಾರು ವರ್ಷ ಹಾಗೆ ಇಳಿದಿಳಿದು ಅದು ಬಂಡೆಯನ್ನು ಗರಗಸದಂತೆ ಸೀಳಿದೆ. ಎರಡೂ ಬದಿಗೆ ಗೋಡೆ, ನಡುವೆ ಬೆಳಕು ಕಷ್ಟದಿಂದ ಇಳಿಯುವ ಸೀಳು.

ಮೊದಲೆಲ್ಲ ಈ ಸೀಳಿನೊಳಗೆ ಯಾರಿಗೂ ಕೆಲಸವಿರಲಿಲ್ಲ. ಊರವರು ಪಕ್ಕದ ಇಳಿಜಾರಿನ ಕಾಲುದಾರಿಯನ್ನೇ ಬಳಸುತ್ತಿದ್ದರು. 18ನೇ ಶತಮಾನದ ಆರಂಭದಲ್ಲಿ ಆ ದಾರಿಯ ಉದ್ದಕ್ಕೂ ಹದಿನೈದು ಪುಟ್ಟ ಪ್ರಾರ್ಥನಾ ಮಂದಿರಗಳನ್ನು ಕಟ್ಟಲಾಯಿತು; ಅವು ಇಂದಿಗೂ ಇವೆ. ಸಾಸ್-ಫೇಗೆ ಮೋಟಾರು ರಸ್ತೆ ಬಂದದ್ದು 1951ರಲ್ಲಿ ಮಾತ್ರ. ಅಲ್ಲಿಯವರೆಗೆ ಸರಕು, ಅಂಚೆ, ರೋಗಿ, ಪ್ರವಾಸಿ ಎಲ್ಲವೂ ಕಾಲ್ನಡಿಗೆಯಲ್ಲೋ ಹೇಸರಗತ್ತೆಯ ಬೆನ್ನ ಮೇಲೋ ಸಾಗಬೇಕಿತ್ತು. ರಸ್ತೆ ಬಂದ ಮೇಲೂ ಊರೊಳಗೆ ಕಾರುಗಳನ್ನು ಬಿಟ್ಟುಕೊಳ್ಳದಿರುವುದು ಸಾಸ್-ಫೇಯ ವಿಶೇಷ.

ಇಂದು ಆ ಸೀಳಿನೊಳಗೇ ಒಂದು ಮಾರ್ಗವಿದೆ. ‘ಗಾರ್ಜ್ ಆಲ್ಪೈನ್’ ಎಂದು ಅದರ ಹೆಸರು. ಸಾಮಾನ್ಯವಾಗಿ ಪರ್ವತಮಾರ್ಗಗಳು ಮೇಲಕ್ಕೇರುತ್ತವೆ, ಇದು ಕೆಳಗಿಳಿಯುತ್ತದೆ. ಸಾಸ್-ಫೇಯಲ್ಲಿ ಆರಂಭವಾಗಿ ಸಾಸ್-ಗ್ರುಂಡ್‌ನಲ್ಲಿ ಮುಗಿಯುತ್ತದೆ. ಬಂಡೆಗೆ ಬಿಗಿದ ಉಕ್ಕಿನ ಹಗ್ಗ, ಕಾಲೂರಲು ಕಬ್ಬಿಣದ ಮೆಟ್ಟುಗಳು, ಏಣಿಗಳು, ತೂಗುಸೇತುವೆ, ಒಂದು ಗೋಡೆಯಿಂದ ಎದುರಿನ ಗೋಡೆಗೆ ರಾಟೆಯಲ್ಲಿ ಜಾರಿಹೋಗುವ ತಂತಿಗಳು, ಇವೆಲ್ಲ ಒಂದರ ಹಿಂದೊಂದು ಬರುತ್ತವೆ. ಪರ್ವತ ಮಾರ್ಗದರ್ಶಕನೊಡನೆ ಗುಂಪಾಗಿ ಇಳಿಯುವುದು ಇಲ್ಲಿನ ಪದ್ಧತಿ. ಚಳಿಗಾಲದಲ್ಲೂ ಜನ ಬರುತ್ತಾರೆ; ಆಗ ಬೇಸಿಗೆಯ ಜಲಪಾತಗಳು ಹೆಪ್ಪುಗಟ್ಟಿ ಗೋಡೆಗಂಟಿಕೊಂಡಿರುತ್ತವೆ.

ಯುದ್ಧದ ಬಳುವಳಿ

ಬಂಡೆಗೆ ಕಬ್ಬಿಣ ಬಡಿಯುವ ಕೆಲಸ ಪ್ರವಾಸೋದ್ಯಮಕ್ಕಿಂತ ಹಳೆಯದು. ಆಸ್ಟ್ರಿಯಾದ ಭೂಗೋಳಶಾಸ್ತ್ರಜ್ಞ ಫ್ರೀಡ್ರಿಶ್ ಸಿಮೋನಿ 1843ರಲ್ಲಿಯೇ ಡಾಖ್‌ಸ್ಟೈನ್ ಶಿಖರದ ಹಾದಿಯಲ್ಲಿ ಕಬ್ಬಿಣದ ಗೂಟ, ಹಗ್ಗಗಳನ್ನು ಹಾಕಿಸಿದ್ದರು. 1869ರಲ್ಲಿ ಆಸ್ಟ್ರಿಯಾದ ಅತ್ಯುನ್ನತ ಶಿಖರವಾದ ಗ್ರೋಸ್‌ಗ್ಲಾಕ್ನರ್‌ನ ಏಣಿನ ಮೇಲೂ ಇಂಥ ವ್ಯವಸ್ಥೆ ಬಂತು. ಆದರೆ ವಿಯಾ ಫೆರಾಟಾ ಎಂಬ ಹೆಸರಿಗೆ ಅಂಟಿಕೊಂಡಿರುವ ನೆನಪು ಮೊದಲನೆಯ ಮಹಾಯುದ್ಧದ್ದು.

1915ರ ಮೇ ತಿಂಗಳಲ್ಲಿ ಇಟಲಿ ಯುದ್ಧಕ್ಕಿಳಿದಾಗ ಆಸ್ಟ್ರಿಯಾದೊಂದಿಗಿನ ಅದರ ಗಡಿಯ ದೊಡ್ಡ ಭಾಗ ಡೋಲೊಮೈಟ್ ಪರ್ವತಗಳ ಮೂಲಕ ಹಾದುಹೋಗಿತ್ತು. ಎರಡೂ ಸೇನೆಗಳು ಶಿಖರಗಳ ಮೇಲೆ ನೆಲೆ ಹೂಡಿದವು. ಫಿರಂಗಿ, ಮದ್ದುಗುಂಡು, ರೊಟ್ಟಿ, ಗಾಯಾಳು ಎಲ್ಲವನ್ನೂ ಸಾಗಿಸಲು ಬಂಡೆಗೋಡೆಗಳಿಗೆ ಏಣಿ, ಹಗ್ಗ ಬಿಗಿಯಲಾಯಿತು. ಬೆಟ್ಟದ ಹೊಟ್ಟೆಯನ್ನು ಕೊರೆದು ಸುರಂಗ ಮಾಡಲಾಯಿತು. ಅಲ್ಲಿ ಗುಂಡಿಗಿಂತ ಹಿಮವೇ ಕ್ರೂರಿಯಾಯಿತು. 1916ರ ಡಿಸೆಂಬರ್ 13ರಂದು ಮಾರ್ಮೊಲಾಡಾದ ಇಳಿಜಾರಿನಲ್ಲಿ ಹಿಮಪಾತ ಉರುಳಿ ಆಸ್ಟ್ರಿಯಾ ಪಾಳೆಯದ ನೂರಾರು ಸೈನಿಕರನ್ನು ಒಮ್ಮೆಗೇ ಹೂತಿತು.

ಪಾಟೆರ್ನೊ ಎಂಬ ಶಿಖರದಲ್ಲಿ 1915ರ ಜುಲೈ 4ರಂದು ಹೆಸರಾಂತ ಪರ್ವತ ಮಾರ್ಗದರ್ಶಕ ಸೆಪ್ ಇನ್ನರ್‌ಕೋಫ್ಲರ್ ಆಸ್ಟ್ರಿಯಾ ಪರ ಹೋರಾಡುತ್ತ ಮಡಿದರು. ಯುದ್ಧಕಾಲದ ಸುರಂಗದೊಳಗಿಂದ ಸಾಗುವ ಅಲ್ಲಿನ ಕಬ್ಬಿಣದ ಹಾದಿಗೆ ಇಂದು ಡೆ ಲೂಕಾ-ಇನ್ನರ್‌ಕೋಫ್ಲರ್ ಎಂಬ ಜೋಡಿ ಹೆಸರು. ಡೆ ಲೂಕಾ ಎದುರು ಪಾಳೆಯದ ಇಟಲಿಯ ಯೋಧ. ಯುದ್ಧಸ್ಮಾರಕಗಳ ಲೋಕದಲ್ಲಿ ಶತ್ರುಗಳಿಬ್ಬರ ಹೆಸರನ್ನು ಒಂದೇ ದಾರಿಗಿಟ್ಟ ನಿದರ್ಶನ ಹೆಚ್ಚಿಲ್ಲ.

ಯುದ್ಧ ಮುಗಿದ ನಂತರ 1930ರ ದಶಕದಲ್ಲಿ ಬ್ರೆಂಟಾ ಪರ್ವತಸಾಲಿನಲ್ಲಿ ಟ್ರೆಂಟೊದ ಪರ್ವತಾರೋಹಿಗಳ ಸಂಘ ಚಾರಣಿಗರಿಗೆಂದೇ ಬೊಕ್ಕೆಟ್ಟೆ ಎಂಬ ಮಾರ್ಗವನ್ನು ರೂಪಿಸತೊಡಗಿತು. ಶಿಖರಗಳ ತುದಿ ಮುಟ್ಟದೆ ಅವುಗಳ ಪಕ್ಕೆಯಲ್ಲೇ ಸಾಗುವುದು ಅದರ ಉದ್ದೇಶವಾಗಿತ್ತು. ಫ್ರಾನ್ಸ್ ಈ ಕ್ಷೇತ್ರಕ್ಕೆ ಬಂದದ್ದು 1980ರ ದಶಕದ ಕೊನೆಯಲ್ಲಿ, ಸ್ವಿಟ್ಜರ್ಲೆಂಡ್ ಇನ್ನೂ ತಡವಾಗಿ. ಸ್ವಿಸ್ ನೆಲದ ಮೊದಲ ಮಾರ್ಗವೆನಿಸಿದ ಗಾಡ್‌ಮೆನ್ ಬಳಿಯ ಟೆಲ್ಲಿ ತೆರೆದದ್ದು 1993ರಲ್ಲಿ.

ಇಲ್ಲಿ ಒಂದು ಕವಲು ಗಮನಿಸಬೇಕು. ಹಳೆಯ ಇಟಲಿ ಮಾರ್ಗಗಳಲ್ಲಿ ಕಬ್ಬಿಣವು ಎಲ್ಲಿಗೋ ತಲುಪಿಸುವ ಸಾಧನ. ಫ್ರಾನ್ಸ್‌ನಲ್ಲಿ ಹುಟ್ಟಿದ ಹೊಸ ಪೀಳಿಗೆಯ ಮಾರ್ಗಗಳಲ್ಲಿ ಕಬ್ಬಿಣವೇ ಆಟ. ಊರಿಗೆ ಹತ್ತಿರದ ಗೋಡೆ ಅಥವಾ ಕಮರಿಯನ್ನು ಆಯ್ದು, ಬೇಕೆಂದೇ ಕಠಿಣ ಜಾಗಗಳಲ್ಲಿ ಸೇತುವೆ, ತಂತಿಗಳನ್ನು ಹಾಕಲಾಗುತ್ತದೆ. ಕಂದರದ ಮಾರ್ಗಗಳು ಬಹುತೇಕ ಈ ಎರಡನೆಯ ವಂಶಕ್ಕೆ ಸೇರಿದವು. ಬೆಟ್ಟವನ್ನು ಜಾತ್ರೆಯ ತೊಟ್ಟಿಲು ಮಾಡಲಾಗುತ್ತಿದೆ ಎಂದು ಹಳೆಯ ಆರೋಹಿಗಳು ಆಕ್ಷೇಪಿಸುತ್ತಾರೆ. ಆ ಆಕ್ಷೇಪವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಆದರೆ ಹಿಮ ಕರಗಿ ಸ್ಕೀಯಿಂಗ್ ಋತು ಕುಗ್ಗುತ್ತಿರುವ ಹಳ್ಳಿಗಳು ಬೇಸಿಗೆಯ ಆದಾಯಕ್ಕೆ ದಾರಿ ಹುಡುಕುವುದನ್ನು ತಪ್ಪೆನ್ನುವುದು ದೂರದಲ್ಲಿ ಕುಳಿತವರಿಗೆ ಸುಲಭ.

ಎರಡು ಕೊಂಡಿಗಳ ಲೆಕ್ಕ

ಈ ಹಾದಿ ಹಿಡಿಯುವವರು ಸೊಂಟ, ತೊಡೆಗಳನ್ನು ಬಳಸಿ ಬರುವ ಹಾರ್ನೆಸ್ ಪಟ್ಟಿಯನ್ನೂ ಹೆಲ್ಮೆಟ್ಟನ್ನೂ ಧರಿಸುತ್ತಾರೆ. ಹಾರ್ನೆಸ್‌ಗೆ ವೈ ಆಕಾರದ ಒಂದು ಸಾಧನ ಕಟ್ಟಿರುತ್ತದೆ. ಅದರ ಎರಡು ತೋಳುಗಳ ತುದಿಯಲ್ಲಿ ತಾನಾಗಿಯೇ ಬೀಗ ಬೀಳುವ ಕೊಂಡಿ, ಅಂದರೆ ಕ್ಯಾರಬಿನರ್. ಎರಡನ್ನೂ ಉಕ್ಕಿನ ಹಗ್ಗಕ್ಕೆ ಸಿಕ್ಕಿಸಿ ಮುಂದುವರಿಯಬೇಕು. ಕೆಲವು ಮೀಟರುಗಳಿಗೊಮ್ಮೆ ಹಗ್ಗವನ್ನು ಬಂಡೆಗೆ ಬಿಗಿದ ಗೂಟ ಎದುರಾಗುತ್ತದೆ. ಕೊಂಡಿ ಅದನ್ನು ದಾಟಲಾರದು. ಆಗ ಒಂದು ಕೊಂಡಿಯನ್ನು ಬಿಡಿಸಿ ಗೂಟದಾಚೆ ಸಿಕ್ಕಿಸಿ, ಬಳಿಕ ಇನ್ನೊಂದನ್ನು ಸಾಗಿಸಬೇಕು. ಯಾವ ಕ್ಷಣದಲ್ಲೂ ಎರಡೂ ಏಕಕಾಲಕ್ಕೆ ಕಳಚಿರಬಾರದು. ನೂರಾರು ಬಾರಿ ಇದನ್ನೇ ಮಾಡುವಾಗ ದಣಿದ ಕೈಗೆ ನಿರ್ಲಕ್ಷ್ಯ ಬರುವುದು ಮನುಷ್ಯಸಹಜ. ಅಪಾಯ ಹೊಂಚುವುದೂ ಅಲ್ಲೇ.

ಸಾಮಾನ್ಯವಾಗಿ ತಪ್ಪು ತಿಳಿಯಲಾಗುವ ಸಂಗತಿ ಇನ್ನೊಂದಿದೆ. ಹಗ್ಗಕ್ಕೆ ಕಟ್ಟಿಕೊಂಡವನು ಜಾರಿದರೆ ಅಲ್ಲೇ ತೂಗಾಡುತ್ತಾನೆ ಎಂದು ಹಲವರು ಭಾವಿಸುತ್ತಾರೆ. ಹಾಗಾಗುವುದಿಲ್ಲ. ಮಾರ್ಗ ನೇರ ಮೇಲಕ್ಕಿದ್ದಾಗ ಕೊಂಡಿಗಳು ಹಗ್ಗದ ಗುಂಟ ಕೆಳಗಿನ ಗೂಟದವರೆಗೂ ಜಾರಿಹೋಗುತ್ತವೆ. ಗೂಟಗಳ ನಡುವೆ ಐದು ಮೀಟರ್ ಅಂತರವಿದ್ದು, ವ್ಯಕ್ತಿ ಮೇಲಿನ ಗೂಟದ ಸಮೀಪದಿಂದ ಬಿದ್ದರೆ ಐದು ಮೀಟರಿಗೂ ಹೆಚ್ಚು ಕೆಳಗೆ ಬೀಳುತ್ತಾನೆ. ಆ ಬೀಳುವಿಕೆಯನ್ನು ತಡೆಯಬೇಕಾದ ಪಟ್ಟಿಯ ಉದ್ದವಾದರೋ ಒಂದು ಮೀಟರಿನ ಆಸುಪಾಸು. ಆರೋಹಿಗಳು ಬಿದ್ದ ದೂರವನ್ನು ಹಗ್ಗದ ಉದ್ದದಿಂದ ಭಾಗಿಸಿ ಆಘಾತದ ತೀವ್ರತೆಯನ್ನು ಅಳೆಯುತ್ತಾರೆ. ಸಾಮಾನ್ಯ ಬಂಡೆಯೇರಿಕೆಯಲ್ಲಿ ಈ ಸಂಖ್ಯೆ ಎರಡನ್ನು ಮೀರದು. ಕಬ್ಬಿಣದ ಹಾದಿಯಲ್ಲಿ ಐದನ್ನೂ ದಾಟಬಹುದು. ಸಾದಾ ಪಟ್ಟಿಯಿಂದ ಕಟ್ಟಿಕೊಂಡಿದ್ದರೆ ಪಟ್ಟಿ ಹರಿಯಬೇಕು, ಇಲ್ಲವೇ ಬೆನ್ನುಮೂಳೆ ಮುರಿಯಬೇಕು.

ಆದ್ದರಿಂದಲೇ ಆ ವೈ ಆಕಾರದ ಬುಡದಲ್ಲಿ ಒಂದು ಪುಟ್ಟ ಚೀಲವಿರುತ್ತದೆ. ಅದರೊಳಗೆ ಮಡಿಕೆ ಮಡಿಕೆಯಾಗಿ ಹೊಲಿದ ಪಟ್ಟಿ. ಬಿದ್ದ ರಭಸಕ್ಕೆ ಹೊಲಿಗೆಗಳು ಒಂದೊಂದಾಗಿ ಬಿಚ್ಚುತ್ತ ಶಕ್ತಿಯನ್ನು ನುಂಗಿಕೊಳ್ಳುತ್ತವೆ. 2017ರಲ್ಲಿ ಪರಿಷ್ಕೃತವಾದ ಯೂರೋಪಿನ ಮಾನದಂಡದ ಪ್ರಕಾರ ಈ ಸಾಧನ 40ರಿಂದ 120 ಕಿಲೋ ತೂಕದವರಿಗೆ ಹೊಂದಬೇಕು, ದೇಹಕ್ಕೆ ತಗಲುವ ಬಲ 6 ಕಿಲೋನ್ಯೂಟನ್ ಮೀರಬಾರದು. ಸರಳವಾಗಿ ಹೇಳುವುದಾದರೆ ಸುಮಾರು 600 ಕಿಲೋ ಭಾರದ ಎಳೆತ. ಇದು ಬದುಕಿಸುವ ಅಳತೆಯೇ ಹೊರತು ನೋವಾಗದ ಅಳತೆಯಲ್ಲ. ಜೊತೆಗೆ, ಬೀಳುವವನ ದಾರಿಯಲ್ಲಿ ಕಬ್ಬಿಣದ ಮೆಟ್ಟುಗಳೂ ಬಂಡೆಯ ಚಾಚುಗಳೂ ಇರುತ್ತವೆ. ಹೊಲಿಗೆ ಬಿಚ್ಚುವ ಮೊದಲೇ ಅವು ತಾಗಬಹುದು. ಎಂದೇ ಅನುಭವಿಗಳು ಈ ಸಾಧನವನ್ನು ಬೀಳಲು ಸಿಕ್ಕ ಪರವಾನಗಿ ಎಂದು ನೋಡುವುದಿಲ್ಲ. 40 ಕಿಲೋಗಿಂತ ಕಡಿಮೆ ತೂಕದ ಮಕ್ಕಳನ್ನು ಕರೆದೊಯ್ಯುವಾಗ ಬೇರೊಂದು ಹಗ್ಗದಿಂದ ಮೇಲಿನಿಂದ ಹಿಡಿದುಕೊಳ್ಳಲೇಬೇಕು. ಹಗುರ ದೇಹಕ್ಕೆ ಹೊಲಿಗೆ ಸರಿಯಾಗಿ ಬಿಚ್ಚಿಕೊಳ್ಳದು.

ಸಾಧನಗಳೂ ಸೋಲುತ್ತವೆ. 2012ರ ಆಗಸ್ಟ್‌ನಲ್ಲಿ ಆಸ್ಟ್ರಿಯಾದ ಟಿರೋಲ್‌ನಲ್ಲಿ ಒಬ್ಬರು ಬಿದ್ದಾಗ ಸಾಧನದ ಎರಡೂ ತೋಳುಗಳು ಹರಿದು ಸಾವು ಸಂಭವಿಸಿತು. ಎಳೆದಂತೆ ಹಿಗ್ಗುವ ಪಟ್ಟಿಯ ತೋಳುಗಳು ಪದೇ ಪದೇ ಹಿಗ್ಗಿ ಕುಗ್ಗಿ ಒಳಗೊಳಗೇ ಸವೆದಿದ್ದವು. ಆ ಬಳಿಕ ಹಲವು ತಯಾರಕರು ತಮ್ಮ ಸಾಧನಗಳನ್ನು ಮಾರುಕಟ್ಟೆಯಿಂದ ಹಿಂಪಡೆದರು, ಮಾನದಂಡವೂ ಬಿಗಿಯಾಯಿತು. ಬಾಡಿಗೆಗೆ ಪಡೆಯುವವರು ಸಾಧನದ ತಯಾರಿಕೆಯ ವರ್ಷ ಕೇಳಲು ಸಂಕೋಚಪಡಬೇಕಿಲ್ಲ.

ಇಷ್ಟಾದರೂ ರಕ್ಷಣಾ ತಂಡಗಳಿಗೆ ಬರುವ ಕರೆಗಳಲ್ಲಿ ದೊಡ್ಡ ಪಾಲು ಬಿದ್ದವರದ್ದಲ್ಲ, ಸಿಕ್ಕಿಕೊಂಡವರದ್ದು. ತೋಳು ಸೋತು, ಮುಂದೆಯೂ ಹೋಗಲಾರದೆ ಹಿಂದೆಯೂ ಬರಲಾರದೆ ಗೋಡೆಗಂಟಿ ನಿಂತವರು. ಜರ್ಮನಿ, ಆಸ್ಟ್ರಿಯಾಗಳಲ್ಲಿ ಎ ಇಂದ ಇ ವರೆಗಿನ ಅಕ್ಷರಗಳಲ್ಲೋ, ಕೆ1ರಿಂದ ಕೆ6ರವರೆಗಿನ ಅಂಕಿಗಳಲ್ಲೋ ಮಾರ್ಗದ ಕಾಠಿಣ್ಯವನ್ನು ಸೂಚಿಸುತ್ತಾರೆ. ಮೊದಲ ಸಲದವರು ಆರಂಭದ ಎರಡು ಮೆಟ್ಟಿಲುಗಳಲ್ಲೇ ಉಳಿಯುವುದು ಲೇಸು. ಜಿಮ್ಮಿನಲ್ಲಿ ಬೆಳೆಸಿದ ತೋಳು ಇಲ್ಲಿ ಅರ್ಧ ಗಂಟೆಗೆ ಸುಸ್ತಾಗುತ್ತದೆ, ಕಾಲಿನ ಮೇಲೆ ಭಾರ ಹಾಕಲು ಕಲಿತವರು ದಿನವಿಡೀ ನಡೆಯುತ್ತಾರೆ.

ನೀರಿಗೆ ಕೊಂಡಿಯಿಲ್ಲ

ಬಯಲು ಗೋಡೆಗೂ ಕಂದರಕ್ಕೂ ಇರುವ ಮುಖ್ಯ ಭೇದ ನೀರು. ಕಂದರದಲ್ಲಿ ಬಂಡೆ ಸದಾ ತೇವ, ಪಾಚಿ. ಬಿಸಿಲು ದಿನಕ್ಕೆ ಒಂದೆರಡು ತಾಸು ಇಣುಕಿದರೆ ಹೆಚ್ಚು. ಜುಲೈ ತಿಂಗಳಲ್ಲೂ ಬೆರಳು ಮರಗಟ್ಟುತ್ತದೆ. ಹೊಳೆಯ ಅಬ್ಬರದಲ್ಲಿ ಮೂರು ಮೀಟರ್ ಆಚೆಯವರ ಮಾತು ಕೇಳಿಸದು, ಹಾಗಾಗಿ ಕೈಸನ್ನೆಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಗೋಡೆಯ ಮಾರ್ಗದಲ್ಲಿ ಮೋಡ ಕಪ್ಪಾಗುವುದು ದೂರದಿಂದಲೇ ಕಾಣುತ್ತದೆ. ಕಂದರದೊಳಗಿನವನಿಗೆ ಕಾಣುವುದು ನೆತ್ತಿಯ ಮೇಲಿನ ಒಂದು ಗೇಣು ಆಕಾಶ ಮಾತ್ರ. ಮಳೆ ಮೇಲ್ದಂಡೆಯಲ್ಲಿ ಸುರಿದರೂ ಸಾಕು, ಅದು ಕಮರಿಗೆ ಬರುವ ಹೊತ್ತಿಗೆ ಗೋಡೆಯಾಗಿ ಬರುತ್ತದೆ.

1999ರ ಜುಲೈ 27ರಂದು ಇಂಟರ್‌ಲಾಕನ್ ಸಮೀಪದ ಸಾಕ್ಸೆಟನ್ ಹೊಳೆಯಲ್ಲಿ ಹೀಗೇ ಆಯಿತು. ಅದು ವಿಯಾ ಫೆರಾಟಾ ಅಲ್ಲ, ಹೊಳೆಯಲ್ಲೇ ಇಳಿಯುವ ಕ್ಯಾನಿಯನಿಂಗ್ ಎಂಬ ಸಾಹಸಕ್ರೀಡೆ. ಮೇಲೆ ಗುಡುಗು ಮಳೆ ಸುರಿದು ಏಕಾಏಕಿ ನುಗ್ಗಿದ ಪ್ರವಾಹಕ್ಕೆ 18 ಪ್ರವಾಸಿಗರೂ ಮೂವರು ಮಾರ್ಗದರ್ಶಕರೂ ಬಲಿಯಾದರು. ಸತ್ತವರಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಆಸ್ಟ್ರೇಲಿಯಾದ ಯುವಜನ. ಪ್ರವಾಸ ಏರ್ಪಡಿಸಿದ್ದ ಸಂಸ್ಥೆಯ ಆರು ಮಂದಿಯನ್ನು 2001ರಲ್ಲಿ ನ್ಯಾಯಾಲಯ ತಪ್ಪಿತಸ್ಥರೆಂದು ಘೋಷಿಸಿತು. ಇಂಥ ಸಾಹಸಗಳನ್ನು ನಡೆಸುವವರು ಪರವಾನಗಿ ಪಡೆಯಲೇಬೇಕೆಂಬ ಒಕ್ಕೂಟ ಕಾನೂನು ಜಾರಿಗೆ ಬಂದದ್ದು 2014ರ ಜನವರಿ 1ರಂದು. ನಡುವೆ ಹದಿನಾಲ್ಕು ವರ್ಷಗಳೇ ಕಳೆದವು. ಶಿಸ್ತಿಗೆ ಹೆಸರಾದ ದೇಶವೂ ಇಂಥ ವಿಷಯದಲ್ಲಿ ನಿಧಾನವೇ.

ಜರ್ಮನಿಯ ಅತ್ಯುನ್ನತ ಶಿಖರ ತ್ಸುಗ್‌ಸ್ಪಿಟ್ಸೆಗೆ ಹೋಗುವ ಕಬ್ಬಿಣದ ಹಾದಿಯ ಆರಂಭದಲ್ಲಿಯೂ ಒಂದು ಕಂದರವಿದೆ. ಹೋಲೆನ್‌ಟಾಲ್, ಅಂದರೆ ನರಕದ ಕಣಿವೆ, ಎಂದು ಅದರ ಹೆಸರು. 1905ರಿಂದ ಅದರೊಳಗೆ ಸುರಂಗ, ಅಟ್ಟಣಿಗೆಗಳ ಕಾಲುದಾರಿಯಿದ್ದು ಸಂಸಾರವಂದಿಗರೂ ನಡೆದಾಡುತ್ತಾರೆ. 2021ರ ಆಗಸ್ಟ್ 16ರಂದು ಮಳೆಯ ನಂತರ ನುಗ್ಗಿದ ನೀರು ಅಲ್ಲಿನ ಸೇತುವೆಯೊಂದನ್ನು ಇಬ್ಬರು ಪ್ರವಾಸಿಗರ ಸಮೇತ ಕೊಚ್ಚಿಕೊಂಡು ಹೋಯಿತು.

ಸಾಸ್ ಕಣಿವೆಗೂ ತನ್ನದೇ ನೆನಪುಗಳಿವೆ. 1965ರ ಆಗಸ್ಟ್ 30ರಂದು ಕಣಿವೆಯ ತುದಿಯ ಮಟ್‌ಮಾರ್ಕ್‌ನಲ್ಲಿ ಅಣೆಕಟ್ಟು ಕಟ್ಟುತ್ತಿದ್ದಾಗ ಅಲ್ಲಾಲಿನ್ ಹಿಮನದಿಯ ಮುಖ ಕಳಚಿ ಬಿದ್ದು 88 ಕಾರ್ಮಿಕರು ಸತ್ತರು. 2024ರ ಜೂನ್ ಕೊನೆಯ ಮಳೆಗೆ ಸಾಸ್-ಗ್ರುಂಡ್ ಊರೊಳಗೇ ನೀರು, ಕಲ್ಲು, ಕೆಸರು ನುಗ್ಗಿತು. ಹೋಟೆಲೊಂದರಲ್ಲಿ ಒಬ್ಬರ ಶವ ದೊರೆಯಿತು. ಅದೇ ವಾಲೇ ಪ್ರಾಂತ್ಯದ ಬ್ಲಾಟನ್ ಎಂಬ ಹಳ್ಳಿಯ ಬಹುಭಾಗವನ್ನು 2025ರ ಮೇ 28ರಂದು ಬಿರ್ಶ್ ಹಿಮನದಿಯೂ ಬಂಡೆರಾಶಿಯೂ ಸೇರಿ ಹೂತುಹಾಕಿದವು. ಮೊದಲೇ ಜನರನ್ನು ತೆರವುಗೊಳಿಸಿದ್ದರಿಂದ ಬಹುತೇಕ ಎಲ್ಲರೂ ಉಳಿದರು. ಕಾವು ಏರಿದಂತೆ ಎತ್ತರದ ಬಂಡೆಗಳನ್ನು ಬಂಧಿಸಿಟ್ಟಿದ್ದ ಮಂಜು ಸಡಿಲವಾಗುತ್ತಿದೆ. ಮೂವತ್ತು ವರ್ಷಗಳ ಹಿಂದೆ ಭದ್ರವೆಂದು ಗೂಟ ಹೊಡೆದ ಬಂಡೆ ಇಂದೂ ಭದ್ರವೇ ಎಂದು ಪ್ರತಿ ವಸಂತದಲ್ಲೂ ಪರೀಕ್ಷಿಸುವ ಹೊಣೆ ಮಾರ್ಗ ನಿರ್ವಹಿಸುವವರ ಮೇಲಿದೆ.

ಮಳೆಯಿಲ್ಲದ ದಿನವೂ ಹೊಳೆ ಒಂದೇ ಸಮನಾಗಿರುವುದಿಲ್ಲ. ಹಿಮನದಿಯಿಂದ ಬರುವ ನೀರು ಬಿಸಿಲೇರಿದಂತೆ ಏರುತ್ತದೆ. ಬೆಳಗ್ಗೆ ಸೌಮ್ಯವಾಗಿದ್ದ ಹೊಳೆ ಮಧ್ಯಾಹ್ನದ ನಂತರ ಉಬ್ಬುತ್ತದೆ. ಜಲವಿದ್ಯುತ್ ಕೇಂದ್ರಗಳಿರುವ ಕಣಿವೆಗಳಲ್ಲಿ ಯಾವ ಸೂಚನೆಯೂ ಇಲ್ಲದೆ ನೀರು ಬಿಡುವುದುಂಟು. ಹಾಗೆಂದು ಎಚ್ಚರಿಸುವ ಫಲಕಗಳು ಹೊಳೆಯ ದಂಡೆಗಳಲ್ಲಿರುತ್ತವೆ. ಫಲಕ ದಾಟಿ ಫೋಟೋಗಾಗಿ ನೀರಿನ ಬಳಿ ಇಳಿಯುವವರು ನಮ್ಮ ಜಲಪಾತಗಳಲ್ಲಿ ಮಾತ್ರ ಇದ್ದಾರೆಂದು ತಿಳಿಯಬೇಕಿಲ್ಲ. ಸಿಡಿಲಿನ ಸಂದರ್ಭದಲ್ಲಂತೂ ನೂರಾರು ಮೀಟರ್ ಉದ್ದದ ಉಕ್ಕಿನ ಹಗ್ಗವೇ ಶತ್ರು. ಗುಡುಗಿನ ಮುನ್ಸೂಚನೆಯಿದ್ದ ದಿನ ಮಾರ್ಗದರ್ಶಕನು ಕಾರ್ಯಕ್ರಮ ರದ್ದುಪಡಿಸಿದರೆ ಹಣ ಹಿಂದಕ್ಕೆ ಕೇಳಬಹುದು, ಹಟ ಮಾಡಬಾರದು.

ಹೋಗುವವರಿಗೆ

ರೈಲಿನಲ್ಲಿ ವಿಸ್ಪ್ ನಿಲ್ದಾಣ ತಲುಪಿ ಅಲ್ಲಿಂದ ಅಂಚೆ ಇಲಾಖೆಯ ಹಳದಿ ಬಸ್ಸಿನಲ್ಲಿ ಸಾಸ್ ಕಣಿವೆಗೆ ಹೋಗಬಹುದು. ಕಾಲಿಗೆ ಗಟ್ಟಿ ಅಟ್ಟೆಯ ಪಾದರಕ್ಷೆ, ಕೈಗೆ ಗ್ಲೌಸ್, ಬೇಸಿಗೆಯಲ್ಲೂ ಒಂದು ಬೆಚ್ಚನೆಯ ಅಂಗಿ ಬೇಕು. ಉಳಿದ ಸಾಧನಗಳು ಬಾಡಿಗೆಗೆ ದೊರೆಯುತ್ತವೆ. ಎತ್ತರದಲ್ಲಿ ಅಳುಕುವವರು ಹೊರಡುವ ಮುನ್ನವೇ ಮಾರ್ಗದರ್ಶಕನಿಗೆ ತಿಳಿಸುವುದು ಒಳಿತು, ಏಕೆಂದರೆ ಕಮರಿಯ ನಡುವೆ ದಾರಿ ಬದಲಿಸುವ ಅವಕಾಶ ಕಡಿಮೆ.

ವಿಮೆಯ ಬಗ್ಗೆ ಒಂದು ಮಾತು. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅದು ಕೈಯಲ್ಲಿದೆಯೆಂದು ನಿಶ್ಚಿಂತರಾಗುವವರು ಬಹಳ. ಆದರೆ ನಮ್ಮಲ್ಲಿ ಮಾರಾಟವಾಗುವ ಹಲವು ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಸಾಹಸಕ್ರೀಡೆಯಿಂದಾದ ಗಾಯವನ್ನು ಹೊರಗಿಟ್ಟಿರುತ್ತಾರೆ. ಹೆಲಿಕಾಪ್ಟರ್ ರಕ್ಷಣೆ ಪ್ರತ್ಯೇಕವಾಗಿ ನಮೂದಾಗಿದೆಯೇ ಎಂದೂ ನೋಡಬೇಕು. ಸ್ವಿಟ್ಜರ್ಲೆಂಡ್‌ನಲ್ಲಿ ಪರ್ವತ ರಕ್ಷಣೆ ಉಚಿತವಲ್ಲ, ಬಿಲ್ಲು ರಕ್ಷಿತರ ಹೆಸರಿಗೇ ಬರುತ್ತದೆ. ದೇಶದ ಬಹುಭಾಗದಲ್ಲಿ ಹೆಲಿಕಾಪ್ಟರ್ ರಕ್ಷಣೆಗೆ 1414 ಸಂಖ್ಯೆಗೆ ಕರೆ ಮಾಡಬೇಕು. ಸಾಸ್ ಕಣಿವೆಯಿರುವ ವಾಲೇಯಲ್ಲಿ ಮಾತ್ರ ಅದಕ್ಕೆ 144. ಕಂದರದ ಆಳದಲ್ಲಿ ಮೊಬೈಲ್ ಸಂಪರ್ಕ ಎಲ್ಲೆಡೆ ಸಿಗುವುದಿಲ್ಲ. ಹೊರಡುವ ಮುನ್ನ, ಎಷ್ಟು ಹೊತ್ತಿಗೆ ಮರಳುತ್ತೀರೆಂದು ಹೋಟೆಲಿನ ಮೇಜಿನ ಬಳಿ ಬರೆಸಿಟ್ಟು ಹೋಗುವುದು ಅಲ್ಲಿನವರ ರೂಢಿ.